ಸೋರುವ ಗಂಬೂಟಿಗೊಂದು ತೇಪೆ

ಜೂನ್ ಎರಡನೆಯ ವಾರದ ಹೊತ್ತಿಗೆ ಪುಣೆಗೆ ಮಳೆ ಕಾಲಿಡುತ್ತದೆ. ಅಟ್ಟದ ಮೇಲೆ ಎಂಟು ತಿಂಗಳು ಮಲಗಿದ್ದ ಕೊಡೆ, ರೇನ್‌ಕೋಟು, ಗಂಬೂಟುಗಳು ಕೆಳಗಿಳಿಯುವುದೂ ಆಗಲೇ. ಕೊಡೆಯ ಕಡ್ಡಿ ಮುರಿದಿದ್ದರೆ ಬಿಚ್ಚಿದ ಕೂಡಲೇ ತಿಳಿಯುತ್ತದೆ. ರೇನ್‌ಕೋಟು ಹರಿದಿದ್ದರೆ ಕಣ್ಣಿಗೇ ಕಾಣುತ್ತದೆ. ಗಂಬೂಟಿನ ಸ್ವಭಾವ ಬೇರೆ. ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಪಾದ ಮುಳುಗುವಷ್ಟು ನೀರಿನಲ್ಲಿ ಹತ್ತು ಹೆಜ್ಜೆ ನಡೆದ ಮೇಲೆ ಹೆಬ್ಬೆರಳಿನ ಹತ್ತಿರ ತಣ್ಣಗೆ ಏನೋ ಹರಿದಂತಾಗುತ್ತದೆ! ‘ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ’ ಎನ್ನುವ ಗಾದೆ ನಮ್ಮಲ್ಲಿದೆ. ಒಡಕು ಗಂಬೂಟಿಗೂ ಅದು ಒಪ್ಪುತ್ತದೆ. ಮಳೆ ನಿಂತು ಎರಡು ದಿನವಾದರೂ ಅದರೊಳಗಿನ ತೇವ ಆರುವುದಿಲ್ಲ.

‘ಪುಣೆಯಲ್ಲಿ ಗಂಬೂಟು ಯಾರಿಗೆ ಬೇಕು, ಅದೇನು ಆಗುಂಬೆಯೇ?’ ಎಂದು ನೀವು ಕೇಳಬಹುದು. ಇಲ್ಲೇ ಹುಟ್ಟಿ, ಇಲ್ಲೇ ಕಾಲೇಜಿಗೆ ಹೋಗುತ್ತಿರುವ ನಿಮಗೆ ಈ ನಗರದ ಮಳೆಯೆಂದರೆ ಫರ್ಗ್ಯುಸನ್ ರಸ್ತೆಯ ತುಂತುರು, ಬಿಸಿ ಕಾಫಿ ಅಷ್ಟೇ ಇರಬಹುದು. ನಗರದಲ್ಲಿ ವರ್ಷಕ್ಕೆ ಸರಾಸರಿ 70 ಸೆಂಟಿಮೀಟರಿನಷ್ಟು ಮಳೆ ಬೀಳುತ್ತದೆ, ನಿಜ. ಆದರೆ ಪಶ್ಚಿಮಕ್ಕೆ ಒಂದೂವರೆ ಗಂಟೆ ಪ್ರಯಾಣ ಮಾಡಿ ಮುಳಶಿ ದಾಟಿ ತಾಮ್ಹಿಣಿ ಘಾಟಿಗೆ ಹೋದರೆ ಅದರ ಹಲವು ಪಟ್ಟು ಮಳೆ. ಮುಳಶಿ, ಮಾವಳ, ಭೋರ್ ತಾಲ್ಲೂಕುಗಳಲ್ಲಿ ಜುಲೈ ತಿಂಗಳೆಂದರೆ ಭತ್ತದ ನಾಟಿ. ಇಡೀ ದಿನ ಕೆಸರಿನಲ್ಲಿ ನಿಲ್ಲುವ ಜನ ಅವರು. ನಗರದೊಳಗೂ ಗಂಬೂಟಿಲ್ಲದೆ ನಡೆಯದ ಕೆಲಸಗಳಿವೆ. ಚರಂಡಿ, ಕಸ ತೆಗೆಯುವ ಕಾರ್ಮಿಕರು, ಹೋಟೆಲಿನ ಹಿಂಭಾಗದಲ್ಲಿ ಪಾತ್ರೆ ತೊಳೆಯುವ ಹುಡುಗರು, ಕಟ್ಟಡಗಳಲ್ಲಿ ಸ್ಲ್ಯಾಬ್ ಹಾಕುವವರು.

ಈ ಕೊನೆಯವರನ್ನು ಸ್ವಲ್ಪ ಗಮನಿಸಿ. ನಿಮ್ಮ ಬಡಾವಣೆಯಲ್ಲಿ ಎಲ್ಲಾದರೂ ಹೊಸ ಕಟ್ಟಡ ಏಳುತ್ತಿದ್ದರೆ ಸಂಜೆಯ ಹೊತ್ತು ಅದರ ತಗಡಿನ ಶೆಡ್ಡುಗಳ ಪಕ್ಕದಲ್ಲಿ ಹಾದುಹೋಗಿ. ಕನ್ನಡ ಕೇಳಿಸಿದರೆ ಆಶ್ಚರ್ಯಪಡಬೇಡಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕುಟುಂಬಗಳು ಬಹಳ ವರ್ಷಗಳಿಂದ ಈ ಊರಿನ ಮನೆಗಳನ್ನು ಕಟ್ಟುತ್ತಿವೆ. ಹಸಿ ಸಿಮೆಂಟು ಸುಣ್ಣದ ನೀರಿನಂತೆ ತೀಕ್ಷ್ಣವಾದ ಕ್ಷಾರ. ಬೂಟಿನ ಬಿರುಕಿನಿಂದ ಅದು ಒಳಗೆ ಸೇರಿದರೆ ಮೊದಲಿಗೆ ನೋವೇ ಇರುವುದಿಲ್ಲ. ನೀರು ಹೊಕ್ಕಿದೆ ಎಂದುಕೊಂಡು ಕೆಲಸ ಮುಂದುವರಿಸುತ್ತಾರೆ. ಕೆಲವು ಗಂಟೆಗಳ ನಂತರ ಬೂಟು ಕಳಚಿದಾಗ ಚರ್ಮ ಸುಟ್ಟಂತೆ ಎದ್ದು ಬಂದಿರುತ್ತದೆ. ಹಾಗಾದಾಗ ತಡಮಾಡದೆ ಬೂಟು, ಕಾಲುಚೀಲ ತೆಗೆದು ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಎರಡು ಇಂಚಿನ ರಬ್ಬರ್ ತೇಪೆಯ ಬೆಲೆ ಇಂಥ ಕಡೆಯಲ್ಲಿ ಗೊತ್ತಾಗುತ್ತದೆ. ಸಿಮೆಂಟಿನ ಕೆಲಸಕ್ಕೆ ಸಾಧ್ಯವಾದಷ್ಟು ಹೊಸ ಬೂಟೇ ಬೇಕು; ಅದು ಸಿಗುವ ತನಕ ತೇಪೆಯಿಲ್ಲದ ಬೂಟಿಗಿಂತ ತೇಪೆ ಹಾಕಿದ್ದು ಎಷ್ಟೋ ವಾಸಿ.

ಬೂಟು ಬಂದ ದಾರಿ

ಗಂಬೂಟಿಗೆ ಇಂಗ್ಲೆಂಡಿನಲ್ಲಿ ‘ವೆಲ್ಲಿಂಗ್ಟನ್’ ಎಂಬ ಹೆಸರಿದೆ. ಈ ವೆಲ್ಲಿಂಗ್ಟನ್ ನಮಗೆ ಅಪರಿಚಿತನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದವನು. ಎರಡನೆಯ ಬಾಜೀರಾಯನನ್ನು ಮತ್ತೆ ಪೇಶ್ವೆ ಗಾದಿಯಲ್ಲಿ ಕೂರಿಸಲೆಂದು 1803ರ ಮಾರ್ಚ್‌ನಲ್ಲಿ ಆತ ಹರಿಹರದಿಂದ ದಂಡು ಹೊರಡಿಸಿ, ಕೊನೆಯ 60 ಮೈಲಿಗಳನ್ನು ಕುದುರೆ ದಳದೊಡನೆ 32 ಗಂಟೆಗಳಲ್ಲಿ ದಾಟಿ, ಏಪ್ರಿಲ್ 20ರಂದು ಪುಣೆ ಸೇರಿದ. ನಿಮ್ಮ ಅಜ್ಜನೋ ಅಪ್ಪನೋ ಕರ್ನಾಟಕದಿಂದ ಪುಣೆಗೆ ಬಂದ ಹಾಗೆ ಆತನೂ ಬಂದ, ಉದ್ದೇಶ ಮಾತ್ರ ಬೇರೆ! ಮುಂದೆ ಲಂಡನ್ನಿನಲ್ಲಿ ಆತ ಚಮ್ಮಾರನಿಗೆ ಹೇಳಿ ಮಾಡಿಸಿಕೊಂಡ ಬೂಟಿಗೆ ಆತನ ಹೆಸರೇ ನಿಂತಿತು. ಅದು ತೊಗಲಿನದು, ರಬ್ಬರಿನದಲ್ಲ.

ರಬ್ಬರ್ ಆಗ ಇನ್ನೂ ನಂಬಲಾಗದ ವಸ್ತು. ಚಳಿಗೆ ಕಲ್ಲಾಗುತ್ತಿತ್ತು, ಬಿಸಿಲಿಗೆ ಬೆಲ್ಲದ ಪಾಕದಂತೆ ಅಂಟಂಟಾಗುತ್ತಿತ್ತು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ 1823ರಲ್ಲಿ ಅದನ್ನು ನ್ಯಾಫ್ತಾದಲ್ಲಿ ಕರಗಿಸಿ ಎರಡು ಬಟ್ಟೆಗಳ ನಡುವೆ ಲೇಪಿಸಿ ಮಳೆಯಂಗಿ ಮಾಡಿದ. ಇದನ್ನು ನೆನಪಿಟ್ಟುಕೊಳ್ಳಿ. ಇಂದು ಸೈಕಲ್ ಅಂಗಡಿಯಲ್ಲಿ ಸಿಗುವ ಪಂಕ್ಚರ್ ಸೊಲ್ಯೂಷನ್ ಕೂಡ ಮೂಲದಲ್ಲಿ ಇದೇ: ದ್ರಾವಕದಲ್ಲಿ ಕರಗಿದ ರಬ್ಬರ್. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಚಳಿಗೂ ಬಿಸಿಲಿಗೂ ಜಗ್ಗದೆಂದು ಕಂಡುಕೊಂಡ. ರಬ್ಬರಿನ ಉದ್ದುದ್ದ ಎಳೆಗಳನ್ನು ಗಂಧಕ ಅಲ್ಲಲ್ಲಿ ಗಂಟು ಹಾಕಿ ಹಿಡಿಯುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಹೈರಂ ಹಚಿನ್ಸನ್ ಎಂಬಾತ 1853ರಲ್ಲಿ ಫ್ರಾನ್ಸಿನಲ್ಲಿ ಕಾರ್ಖಾನೆ ತೆರೆದು ರೈತರಿಗೆ ರಬ್ಬರ್ ಬೂಟು ತೊಡಿಸಿದ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ನೀರಿನಲ್ಲಿ ನಿಂತು ನಿಂತು ಸೈನಿಕರ ಕಾಲು ಕೊಳೆಯತೊಡಗಿದಾಗ ಸ್ಕಾಟ್ಲೆಂಡಿನ ಒಂದೇ ಕಂಪನಿ 11 ಲಕ್ಷಕ್ಕೂ ಹೆಚ್ಚು ಜೊತೆ ಗಂಬೂಟು ಮಾಡಿಕೊಟ್ಟಿತು. ನಮ್ಮ ದೇಶದಲ್ಲಿ 1920ರಲ್ಲಿ ಬಂಗಾಳದ ಸುರೇಂದ್ರಮೋಹನ ಬೋಸ್ ಆರಂಭಿಸಿದ ಬೆಂಗಾಲ್ ವಾಟರ್‌ಪ್ರೂಫ್ ಸಂಸ್ಥೆಯ ‘ಡಕ್‌ಬ್ಯಾಕ್’ ರೇನ್‌ಕೋಟುಗಳ ಹೆಸರನ್ನು ಮನೆಯ ಹಿರಿಯರು ಈಗಲೂ ಹೇಳುತ್ತಾರೆ.

ಕನ್ನಡನಾಡಿನಲ್ಲಿ ರಬ್ಬರ್ ಮರ ನೋಡಬೇಕಾದರೆ ಸುಳ್ಯ, ಪುತ್ತೂರಿನ ಕಡೆಗೆ ಹೋಗಿ. 1964ರ ಭಾರತ-ಶ್ರೀಲಂಕಾ ಒಪ್ಪಂದದ ನಂತರ ಅಲ್ಲಿಂದ ಬಂದ ತಮಿಳು ಕುಟುಂಬಗಳಿಗೆ ಆ ಸೀಮೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಬೆಳಗಿನ ಜಾವ ತೊಗಟೆ ಗೀರಿ, ತೊಟ್ಟು ತೊಟ್ಟಾಗಿ ಇಳಿಯುವ ಹಾಲನ್ನು ಕರಟದಲ್ಲಿ ಹಿಡಿಯುವ ಆ ದೃಶ್ಯ ಮುಂದಿನ ಸಲ ಊರಿಗೆ ಹೋದಾಗ ನೋಡುವಂಥದ್ದು.

ಜಿನುಗೋ, ಒಸರೋ, ಸೋರೋ?

ಇನ್ನು ರಿಪೇರಿಯ ವಿಷಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಆಡುವ ನಿಮಗೆ ಮೂರು ಕನ್ನಡ ಶಬ್ದಗಳನ್ನು ನೆನಪಿಸುತ್ತೇನೆ. ಗೋಡೆಯಲ್ಲಿ ತೇವ ಎದ್ದು ಮೇಲ್ಮೈ ಒದ್ದೆಯಾದರೆ ಅದು ಒಸರುವುದು. ಸಣ್ಣ ರಂಧ್ರದಿಂದ ಹನಿಹನಿಯಾಗಿ ಬಂದರೆ ಜಿನುಗುವುದು. ಧಾರಾಳವಾಗಿ ಇಳಿದರೆ ಸೋರುವುದು. ಬೂಟಿನ ರೋಗವೂ ಈ ಮೂರೇ. ರಬ್ಬರ್ ಹಳತಾಗಿ ಮೈತುಂಬ ಕೂದಲೆಳೆಯ ಬಿರುಕು ಬಿಟ್ಟಿದ್ದರೆ ಒಸರುತ್ತದೆ. ಮುಳ್ಳು, ಮೊಳೆ ಚುಚ್ಚಿದ್ದರೆ ಜಿನುಗುತ್ತದೆ. ಅಟ್ಟೆ ಬಿಟ್ಟುಕೊಂಡಿದ್ದರೆ, ಮಡಿಕೆಯಲ್ಲಿ ಸೀಳಿದ್ದರೆ ಸೋರುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಮನೆಯಲ್ಲೇ ಮದ್ದಿದೆ. ಮೊದಲನೆಯದಕ್ಕೆ ಇಲ್ಲ, ಅದಕ್ಕೆ ಅಂಟು ಹಾಳುಮಾಡಬೇಡಿ.

ನಾಲ್ಕನೆಯದೂ ಒಂದುಂಟು, ಅದು ರೋಗವೇ ಅಲ್ಲ. ರಬ್ಬರಿಗೆ ಉಸಿರಾಟವಿಲ್ಲ. ನಾಲ್ಕು ಗಂಟೆ ತೊಟ್ಟರೆ ಕಾಲಿನ ಬೆವರೇ ಕಾಲುಚೀಲವನ್ನು ಹಿಂಡುವಂತೆ ಮಾಡುತ್ತದೆ. ಆದ್ದರಿಂದ ಮೊದಲು ಬೂಟು ನಿಜಕ್ಕೂ ತೂತಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಒಳಗೆ ಒಣ ದಿನಪತ್ರಿಕೆ ತುರುಕಿ, ಬಾಯಿಯಿಂದ ನೀರು ಹೋಗದಂತೆ ಹಿಡಿದು, ಹತ್ತು ನಿಮಿಷ ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ. ಕಾಗದ ಗರಿಗರಿಯಾಗಿಯೇ ಉಳಿದರೆ ತಪ್ಪು ಬೂಟಿನದಲ್ಲ.

ಕಾಗದ ಒದ್ದೆಯಾಯಿತೇ? ಹಾಗಾದರೆ ತೂತು ಹುಡುಕಬೇಕು. ಇಲ್ಲಿ ಅನೇಕರು ಎಡವುತ್ತಾರೆ. ಒಳಗೆ ಎಲ್ಲಿ ಒದ್ದೆಯೋ ಅದರ ನೇರಕ್ಕೆ ಹೊರಗೆ ತೂತಿದೆ ಎಂದು ಭಾವಿಸುತ್ತಾರೆ. ಬೂಟಿನೊಳಗೆ ಬಟ್ಟೆಯ ಅಸ್ತರಿದೆ ತಾನೇ? ನೀರು ರಬ್ಬರಿಗೂ ಅಸ್ತರಿಗೂ ನಡುವೆ ಹರಿದು ಎಲ್ಲೋ ಹೊಕ್ಕು ಇನ್ನೆಲ್ಲೋ ಏಳುತ್ತದೆ, ಹೆಂಚಿನ ಮನೆಯ ಸೂರಿನ ಹಾಗೆ. ಸೈಕಲ್ ಪಂಕ್ಚರ್ ಹಾಕುವವರ ವಿಧಾನವೇ ಉತ್ತಮ. ಬೂಟಿನ ಬಾಯಿಯನ್ನು ಟೂತ್‌ಪೇಸ್ಟ್ ಟ್ಯೂಬಿನಂತೆ ಬಿಗಿಯಾಗಿ ಸುತ್ತುತ್ತ ಬನ್ನಿ. ಒಳಗಿನ ಗಾಳಿ ಸಿಕ್ಕಿಬಿದ್ದು ಬೂಟು ಉಬ್ಬುತ್ತದೆ. ಹಾಗೆಯೇ ಹಿಡಿದು ನೀರಿನಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲಿ ತೂತು. ಒರೆಸಿ, ಬಾಲ್‌ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ. ಒಂದು ಸಿಕ್ಕಿತೆಂದು ನಿಲ್ಲಿಸದೆ ಪೂರ್ತಿ ನೋಡಿ. ಮುಳ್ಳು ಒಂಟಿಯಾಗಿ ಚುಚ್ಚುವುದು ಅಪರೂಪ. (ಆ ಬಕೆಟ್ಟಿನ ನೀರನ್ನು ಗಿಡಗಳಿಗೆ ಹಾಕಬಹುದು. ತುಳಸಿಗೆ ಮಾತ್ರ ಬೇಡ, ಅಜ್ಜಿಗೆ ಗೊತ್ತಾದರೆ ಕಷ್ಟ!)

ಯಾವುದರಿಂದ ಮಾಡಿದ್ದು?

ಅಂಟು ತರುವ ಮೊದಲು ಬೂಟು ರಬ್ಬರಿನದೋ ಪಿವಿಸಿಯದೋ ನೋಡಲೇಬೇಕು. ಈಗ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಗಂಬೂಟುಗಳು ಬಹುಪಾಲು ಪಿವಿಸಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತವೆ, ಹೊಳಪು ಹೆಚ್ಚು. ರಬ್ಬರಿನದು ಹಾಳೆ ಹಾಳೆಯಾಗಿ ಅಂಟಿಸಿ ಕಟ್ಟಿದ್ದು. ಅಟ್ಟೆಯ ಸುತ್ತ ಪಟ್ಟಿಯೊಂದು ಕಾಣುತ್ತದೆ, ಮೈ ಮಬ್ಬಾಗಿರುತ್ತದೆ. ಅನುಮಾನವಿದ್ದರೆ ಸೂಜಿಯ ತುದಿ ಕಾಯಿಸಿ ಬೂಟಿನ ಬಾಯಿಯ ಅಂಚಿಗೆ ತಗುಲಿಸಿ. ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಪಿವಿಸಿ. ಕರಗದೆ, ಟೈರು ಸುಟ್ಟ ವಾಸನೆ ಬಂದರೆ ರಬ್ಬರ್. ಇದನ್ನು ಕಿಟಕಿ ತೆರೆದು ಮಾಡಿ, ಮೂಗು ಹತ್ತಿರ ಒಯ್ಯಬೇಡಿ; ಸುಟ್ಟ ಪಿವಿಸಿಯ ಹೊಗೆಯಲ್ಲಿ ಆಮ್ಲದ ಅಂಶವಿರುತ್ತದೆ.

ರಬ್ಬರಿನದಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಹೆಸರಾಗಿತ್ತು. ಆ ವಿದ್ಯೆ ಇನ್ನೂ ಮೂಲೆಮೂಲೆಯಲ್ಲಿ ಉಳಿದಿದೆ. ಸೊಲ್ಯೂಷನ್ ಟ್ಯೂಬು, ಹಳೆಯ ಸೈಕಲ್ ಟ್ಯೂಬಿನ ತುಂಡು ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಸಿಗುತ್ತದೆ. ಒರಟು ಉಪ್ಪು ಕಾಗದವೂ ಬೇಕು, ಇಲ್ಲಿನ ಅಂಗಡಿಗಳಲ್ಲಿ ‘ಪಾಲಿಶ್ ಪೇಪರ್’ ಎಂದರೆ ಕೊಡುತ್ತಾರೆ. ರವಿವಾರ ಪೇಠೆಯ ಬೋಹರಿ ಆಳಿಗೆ ಹೋದರೆ ಇಂಥ ಸಾಮಾನುಗಳೆಲ್ಲ ಒಂದೇ ಗಲ್ಲಿಯಲ್ಲಿ ದೊರೆಯುತ್ತವೆ, ನೂಕುನುಗ್ಗಲು ಸಹಿಸುವ ತಾಳ್ಮೆಯಿದ್ದರೆ. ತೇಪೆಗೆ ಸೈಕಲ್ಲಿನ ಮಾಮೂಲಿ ಟ್ಯೂಬೇ ವಾಸಿ. ಬೈಕು, ಕಾರುಗಳ ಟ್ಯೂಬುಗಳು ಹೆಚ್ಚಾಗಿ ಬ್ಯೂಟೈಲ್ ಎಂಬ ಕೃತಕ ರಬ್ಬರಿನವು. ಅವು ಗಾಳಿಯನ್ನು ಚೆನ್ನಾಗಿ ಹಿಡಿಯುತ್ತವೆ, ಅಂಟನ್ನು ಅಷ್ಟಾಗಿ ಹಿಡಿಯುವುದಿಲ್ಲ.

ಮೊದಲ ಕೆಲಸ ಒಣಗಿಸುವುದು. ದಿನಪತ್ರಿಕೆ ತುರುಕಿ, ಐದಾರು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗೆ ಎರಡು ದಿನ ಬಿಡಿ. ಒಲೆಯ ಪಕ್ಕ, ಇಸ್ತ್ರಿ ಪೆಟ್ಟಿಗೆಯ ಪಕ್ಕ ಇಡಬೇಡಿ. ಆಮೇಲೆ ಸಾಬೂನಿನಿಂದ ತೊಳೆದು ಒಣಗಿಸಿ, ತೂತಿನ ಸುತ್ತ ಎರಡು ಬೆರಳಗಲ ಉಪ್ಪು ಕಾಗದದಿಂದ ಉಜ್ಜಿ. ಹಳೆಯ ರಬ್ಬರಿನ ಮೈಮೇಲೆ ಮೇಣದಂಥ ತೆಳು ಪೊರೆ ಇರುತ್ತದೆ. ಬಿಸಿಲು ಗಾಳಿಗೆ ರಬ್ಬರ್ ಬಿರಿಯದಿರಲೆಂದು ಕಾರ್ಖಾನೆಯಲ್ಲಿ ಬೆರೆಸಿದ ಮೇಣ ಮೆಲ್ಲಗೆ ಮೇಲೆ ಬಂದು ನಿಂತದ್ದು ಅದು. ಬೂಟಿಗೆ ಅದು ಕವಚ, ಅಂಟಿಗೆ ಶತ್ರು. ಹೊಳಪು ಹೋಗಿ ಮಾಸಲು ಕಪ್ಪು ಬರುವ ತನಕ ಉಜ್ಜಬೇಕು. ಟ್ಯೂಬಿನ ತುಂಡನ್ನೂ ಹಾಗೆಯೇ. ಅದರ ಒಳಮೈಯಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ ಇರುತ್ತದೆ. ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಮುಟ್ಟಿಸಿ ಒರೆಸಿ. ಸೀಮೆಎಣ್ಣೆ ಬೇಡವೇ ಬೇಡ, ಅದರ ಜಿಡ್ಡು ಉಳಿದುಬಿಡುತ್ತದೆ.

ತೇಪೆಯನ್ನು ಗುಂಡಗೆ ಕತ್ತರಿಸಿ. ಚೌಕವಾಗಿದ್ದರೆ ಮೂಲೆಗಳು ಮೊದಲು ಏಳುತ್ತವೆ. ತೂತಿನ ಅಂಚಿನಿಂದ ಎಲ್ಲ ಕಡೆಗೂ ಎರಡು ಸೆಂಟಿಮೀಟರ್ ಹೆಚ್ಚಿರಲಿ. ಈಗ ಬೂಟಿಗೂ ತೇಪೆಗೂ ಎರಡಕ್ಕೂ ಸೊಲ್ಯೂಷನ್ನನ್ನು ತೆಳ್ಳಗೆ ಸವರಿ, ಸುಮ್ಮನೆ ಕುಳಿತುಕೊಳ್ಳಿ!

ಹೌದು, ಇಡೀ ರಿಪೇರಿಯಲ್ಲಿ ಕಷ್ಟದ ಕೆಲಸ ಇದೇ. ಹಸಿ ಇರುವಾಗಲೇ ಅಂಟಿಸುವ ಆತುರ ಎಲ್ಲರಿಗೂ. ಫೆವಿಕಾಲಿನಲ್ಲಿ ಕಾಗದ ಅಂಟಿಸಿದ ಅಭ್ಯಾಸ ಅದು. ಇಲ್ಲಿ ಅಂಟುವುದು ದ್ರವವಲ್ಲ, ದ್ರಾವಕ ಹಾರಿಹೋದ ಮೇಲೆ ಉಳಿಯುವ ರಬ್ಬರಿನ ಪದರ. ದ್ರಾವಕ ಒಳಗೇ ಸಿಕ್ಕಿಬಿದ್ದರೆ ತೇಪೆ ಅದರ ಮೇಲೆ ತೇಲುತ್ತಿರುತ್ತದೆ, ನಾಲ್ಕು ದಿನಕ್ಕೆ ಕಿತ್ತುಬರುತ್ತದೆ. ಮಳೆಗಾಲದ ಗಾಳಿಯಲ್ಲಿ ಹತ್ತು-ಹದಿನೈದು ನಿಮಿಷ ಕಾಯಿರಿ. ಬೆರಳ ಹಿಂಬದಿ ಮುಟ್ಟಿಸಿದರೆ ಅಂಟಬಾರದು. ಮತ್ತೊಂದು ತೆಳು ಲೇಪ, ಮತ್ತೆ ಕಾಯುವುದು. ಬೇಗ ಆರಲೆಂದು ಬಾಯಿಂದ ಊದಬೇಡಿ, ಉಸಿರಿನ ತೇವ ಅದರ ಮೇಲೆ ಕೂರುತ್ತದೆ. ಆಮೇಲೆ ತೇಪೆಯನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಕೂರಿಸಿ. ಒಮ್ಮೆ ತಾಗಿದ ಮೇಲೆ ಸರಿಪಡಿಸಲು ಬರುವುದಿಲ್ಲ, ಆದ್ದರಿಂದ ಮೊದಲೇ ಗುರುತು ಮಾಡಿಕೊಳ್ಳಿ. ಬೂಟಿನೊಳಗೆ ಒಂದು ಗುಂಡುಕಲ್ಲು ಆನಿಸಿ ಹೊರಗಿನಿಂದ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಒಂದು ದಿನ ಮುಟ್ಟಬೇಡಿ. ಈ ಕೆಲಸವೆಲ್ಲ ಬಾಲ್ಕನಿಯಲ್ಲಾಗಲಿ. ದ್ರಾವಕದ ಆವಿ ತಲೆ ಸುತ್ತಿಸುತ್ತದೆ, ಹತ್ತಿರ ದೀಪ, ಊದುಬತ್ತಿ ಇರಕೂಡದು.

ಅಟ್ಟೆ ಬಿಟ್ಟುಕೊಂಡಿದ್ದರೆ ಕ್ರಮ ಇದೇ. ಬಿಟ್ಟ ಪಟ್ಟಿಯನ್ನು ಇನ್ನಷ್ಟು ಎಬ್ಬಿಸಿ ಒಳಗಿನ ಮಣ್ಣೆಲ್ಲ ತೆಗೆದು, ಉಜ್ಜಿ, ಲೇಪಿಸಿ, ಕಾಯ್ದು, ಮುಚ್ಚಿ, ಸೈಕಲ್ ಟ್ಯೂಬನ್ನೇ ಉದ್ದ ಪಟ್ಟಿಯಾಗಿ ಕತ್ತರಿಸಿ ಬೂಟಿನ ಸುತ್ತ ಬಿಗಿದು ಕಟ್ಟಿ. ಬೆರಳುಗಳು ಬಾಗುವ ಕಡೆ ಸೀಳಿದ್ದರೆ ತೇಪೆ ದೊಡ್ಡದಿರಲಿ, ದಪ್ಪ ಬೇಡ. ಅಲ್ಲಿ ಫೆವಿಕ್ವಿಕ್, ಎಂ-ಸೀಲ್ ಮುಂತಾದವುಗಳ ಆಸೆಗೆ ಬೀಳಬೇಡಿ. ಅವು ಕಲ್ಲಿನಂತೆ ಗಟ್ಟಿಯಾಗುತ್ತವೆ, ಬೂಟು ಹೆಜ್ಜೆಹೆಜ್ಜೆಗೂ ಬಾಗುತ್ತದೆ. ಸೀಳು ದೊಡ್ಡದಾಗಲು ಬೇರೆ ಕಾರಣವೇ ಬೇಡ. ಹೊಲಿಗೆಯೂ ಬೇಡ. ಪ್ರತಿ ಹೊಲಿಗೆ ಒಂದು ಹೊಸ ತೂತು!

ಪಿವಿಸಿ ಬೂಟಿಗೆ ಪಂಕ್ಚರ್ ಸೊಲ್ಯೂಷನ್ ನಿಲ್ಲುವುದಿಲ್ಲ. ಅದಕ್ಕೆ ಚಪ್ಪಲಿ ಮಾಡುವವರು ಬಳಸುವ ಪಿ.ಯು. ಅಂಟು ಬೇಕು, ತೇಪೆಯೂ ಹಳೆಯ ಪಿವಿಸಿ ಬೂಟಿನದೇ ಆಗಬೇಕು. ಮೃದುವಾಗಿರಲೆಂದು ಪಿವಿಸಿಗೆ ಸೇರಿಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಬಂದು ಉಳಿದ ಅಂಟುಗಳನ್ನು ಮೆತ್ತಗೆ ಮಾಡಿಬಿಡುತ್ತದೆ. ಸಣ್ಣ ತೂತಾದರೆ ರಸ್ತೆ ಬದಿಯ ಚಪ್ಪಲಿ ರಿಪೇರಿಯವರಲ್ಲಿ ಕೆಲವರು ಕಾದ ಕಬ್ಬಿಣದಿಂದ ಬೆಸೆದುಕೊಡುತ್ತಾರೆ. ಅವರ ಕೈಚಳಕ ನಿಂತು ನೋಡಿ, ಚೌಕಾಶಿ ಮಾಡಬೇಡಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ಬಸವಣ್ಣನವರಿಗೆ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿಕೊಟ್ಟ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯಿರಿ. ಆ ಕಾಯಕದ ಸಾಲಿನವರು ಇವರು.

ತೇಪೆಗೆ ಮೀರಿದ್ದು

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಹಳೆಯ ಪುಣೆ ಮುಳುಗಿದ ಕಥೆ ಕೇಳಿರುತ್ತೀರಿ. 2024ರ ಜುಲೈ 25ರಂದು ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿದ್ದನ್ನು ನೀವೇ ಕಂಡವರು. ಅದೇ ಬೆಳಗಿನ ಜಾವ ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ ತಳ್ಳುಗಾಡಿ ಸರಿಸಲು ನೀರಿಗಿಳಿದ ಮೂವರು ಯುವಕರು ವಿದ್ಯುತ್ ತಗುಲಿ ಪ್ರಾಣ ಕಳೆದುಕೊಂಡರು. ರಬ್ಬರ್ ಬೂಟು ತೊಟ್ಟರೆ ಕರೆಂಟು ಹೊಡೆಯದು ಎಂಬ ನಂಬಿಕೆ ಜನರಲ್ಲಿದೆ. ಮಾಮೂಲಿ ಗಂಬೂಟು ಅದಕ್ಕಾಗಿ ಮಾಡಿದ್ದಲ್ಲ, ಪರೀಕ್ಷಿಸಿದ್ದೂ ಅಲ್ಲ. ತೇಪೆ ಹಾಕಿದ್ದಂತೂ ಖಂಡಿತ ಅಲ್ಲ. ನೆರೆ ಬಂದಾಗ ಸಹಾಯಕ್ಕೆ ಓಡುವುದು ನಿಮ್ಮ ವಯಸ್ಸಿನ ಗುಣ. ಮೊದಲು ಆ ಗಲ್ಲಿಯ ವಿದ್ಯುತ್ ಕಡಿದಿದ್ದಾರೆಯೇ ಕೇಳಿ, ಆಮೇಲೆ ನೀರಿಗಿಳಿಯಿರಿ.

ನೆರೆ ಇಳಿದ ಮೇಲಿನ ಕೆಸರು ತೆಗೆಯುವಾಗ ಮಾತ್ರ ಗಂಬೂಟಿನಂಥ ಮಿತ್ರ ಬೇರಿಲ್ಲ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಇಲಿಜ್ವರ ಬರಬಹುದು. 2005ರ ಜುಲೈ 26ರ ಮುಂಬಯಿ ಮಳೆಯ ನಂತರದ ವಾರಗಳಲ್ಲಿ ಅದು ಎಷ್ಟೋ ಮನೆಗಳನ್ನು ಕಾಡಿತು. ಕೊಳೆನೀರಿನಲ್ಲಿ ನಡೆದ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ನೀರಿಗಿಳಿದಿದ್ದನ್ನು ತಪ್ಪದೆ ಹೇಳಿ.

ಬೂಟನ್ನು ಮಡಚಿ ಇಡಬೇಡಿ. ಗಾಳಿಯಲ್ಲಿರುವ ಓಝೋನ್ ರಬ್ಬರಿನ ಮೇಲೆ ಕೆಲಸ ಮಾಡುವುದು ಅದು ಹಿಗ್ಗಿ ನಿಂತ ಕಡೆಯಲ್ಲೇ. ಮಡಿಕೆಯ ಗೆರೆಯಲ್ಲೇ ಬಿರುಕು ಹುಟ್ಟುವುದು ಅದಕ್ಕೆ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಎಣ್ಣೆ ಹೀರಿ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ. ತೊಳೆದು, ಒಣಗಿಸಿ, ಒಳಗೆ ಕಾಗದ ತುರುಕಿ, ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿದರೆ ಸಾಕು.

ಸೊಲ್ಯೂಷನ್ ಟ್ಯೂಬಿನ ಮೂತಿ ಒಮ್ಮೆ ಚುಚ್ಚಿದ ಮೇಲೆ ಬಹಳ ದಿನ ಬಾಳುವುದಿಲ್ಲ, ಒಳಗೇ ಒಣಗಿಹೋಗುತ್ತದೆ. ಒಂದು ಟ್ಯೂಬಿನಲ್ಲಿ ಐದಾರು ತೇಪೆ ಆಗುತ್ತದೆ, ನಿಮಗೆ ಬೇಕಾದದ್ದು ಒಂದೋ ಎರಡೋ. ಆದ್ದರಿಂದ ಚುಚ್ಚುವ ಮೊದಲು ಒಂದು ಭಾನುವಾರ ಬೆಳಿಗ್ಗೆ ನಿಮ್ಮ ಸೊಸೈಟಿಯ ವಾಚ್‌ಮನ್ ಕಾಕಾ, ಕಸ ತೆಗೆಯಲು ಬರುವ ಮಾವಶಿ, ಪಕ್ಕದ ಕಟ್ಟಡದ ಶೆಡ್ಡಿನವರು, ಇವರನ್ನೆಲ್ಲ ಒಮ್ಮೆ ಕೇಳಿಬಿಡಿ. ಶೆಡ್ಡಿನವರನ್ನು ಕನ್ನಡದಲ್ಲೇ ಕೇಳಿ: ‘ಅಣ್ಣಾ, ಬೂಟು ಸೋರ್ತಾವೇನ್ರಿ?’